ಓರಗಿತ್ತಿಯ ಕೂದಲ ಹಾರ

ನಮ್ಮ ಓರಗಿತ್ತಿ ನಮ್ಮ ಅತ್ತೆಯ ತಲೆಗೆ ಫ್ರೇಮು ಹಾಕಿಸಿ ಗೋಡೆಗೆ ನೇತುಹಾಕಿದ್ದಾಳೆ! ಗಾಬರಿಯಾಗಬೇಡಿ. ಅತ್ತೆ ಬೆಂಗಳೂರಿನಲ್ಲಿ ಗಟ್ಟಿಮುಟ್ಟಾಗಿದ್ದಾರೆ, ಬೆಳಿಗ್ಗೆ ಎದ್ದು ವಾಕಿಂಗ್ ಹೋಗುತ್ತಾರೆ, ಸೊಸೆಯರ ಮೇಲೆ ದೂರು ಹೇಳುವಷ್ಟು ದನಿಯೂ ಇದೆ. ಗೋಡೆಯ ಮೇಲಿರುವುದು ಅವರ ತಲೆಗೂದಲು ಮಾತ್ರ. ಅದರ ಪಕ್ಕ ನನ್ನ ಗಂಡನ ಕೂದಲಿದೆ, ನನ್ನ ಮಗಳ ಕೂದಲಿದೆ, ನಮ್ಮ ಭಾವನವರ ಅರ್ಧ ಮೀಸೆಯಿದೆ. ಎಲ್ಲವನ್ನೂ ಹೂವು, ಎಲೆ, ಬಳ್ಳಿ ಮಾಡಿ, ಸಣ್ಣ ತಂತಿಗೆ ಸುತ್ತಿ, ಗಾಜಿನೊಳಗೆ ಕೂರಿಸಿದ್ದಾಳೆ. ನನ್ನ ಕೂದಲು? ಆ ಹೊಟ್ಟೆನೋವನ್ನೇ ಹೇಳಲು ಹೊರಟಿದ್ದೇನೆ.

ಓರಗಿತ್ತಿ ಎಂದರೆ ನಮ್ಮ ಯಜಮಾನರ ಅಣ್ಣನ ಹೆಂಡತಿ. ಅಮೆರಿಕದ ಪೊಮೊನಾದಲ್ಲಿ ಓದಲು ಬಂದು, ಇಲ್ಲೇ ಸಿವಿಲ್ ಇಂಜಿನಿಯರ್ ಆಗಿ, ಈಗ ನಾರ್ತ್‌ರಿಜ್‌ನಲ್ಲಿ ಮನೆ ಮಾಡಿಕೊಂಡಿದ್ದಾಳೆ. ನಾವು ಅಲ್ಲಿಂದ ಕೆಲವು ತಾಸಿನ ದಾರಿಯ, ಸ್ಯಾನ್ ಡಿಯಾಗೊ ಪಕ್ಕದ ಪೊವೇಯಲ್ಲಿ. ಎದುರಿಗೆ ‘ಅಕ್ಕ, ನೀವು’ ಎಂದು ಮಾತಾಡಿಸುತ್ತೇನೆ. ಬರೆಯಲು ಕೂತರೆ ಏಕವಚನವೇ ಬರುತ್ತದೆ. ಹೊಟ್ಟೆಕಿಚ್ಚಿಗೆ ಬಹುವಚನ ಹಾಕಿ ಬರೆಯುವುದು ಯಾರಿಂದಾದೀತು?

ಕಿಚ್ಚು ಹೊತ್ತಿಕೊಂಡದ್ದು ನನ್ನ ಮದುವೆಯ ದಿನವೇ. ಬಂದವರೆಲ್ಲ ಮದುಮಗಳಾದ ನನ್ನನ್ನು ಬಿಟ್ಟು ಅವಳ ಜಡೆ ನೋಡುತ್ತಿದ್ದರು. ಸೊಂಟ ದಾಟಿದ, ಮಣಿಕಟ್ಟಿನಷ್ಟು ದಪ್ಪದ ಜಡೆ! ನನ್ನದು ಆಗಲೂ ಈಗಲೂ ಇಲಿಬಾಲ. ‘ದೊಡ್ಡ ಸೊಸೆಯ ಜಡೆ ನೋಡು’ ಎಂದು ಅತ್ತೆ ಎಲ್ಲರಿಗೂ ತೋರಿಸುತ್ತಿದ್ದರೆ ನಾನು ಹಸೆಮಣೆಯ ಮೇಲೆ ಹಲ್ಲು ಕಚ್ಚಿಕೊಂಡು ನಗುತ್ತಿದ್ದೆ. ಇಷ್ಟು ವರ್ಷವಾದರೂ ಆ ಜಡೆ ಹಾಗೇ ಇದೆ. ಮುಂದಲೆ ನರೆತರೂ ಜಡೆ ಮಾತ್ರ ಕಪ್ಪಗೆ ಹೊಳೆಯುತ್ತದೆ. ಅದೇನು ಎಣ್ಣೆ ಹಚ್ಚುತ್ತಾಳೋ, ಕೇಳಿದರೆ ಹೇಳುವುದಿಲ್ಲ. ಹೂ ಮುಡಿಸುತ್ತೇನೆ ಎಂದರೂ ತಲೆ ಮುಟ್ಟಗೊಡುವುದಿಲ್ಲ, ಇಸಿದುಕೊಂಡು ತಾನೇ ಮುಡಿಯುತ್ತಾಳೆ. ಎಷ್ಟು ಜಂಬ ನೋಡಿ!

ಈ ಕೂದಲ ಹುಚ್ಚು ಹಿಡಿದದ್ದು ಲಾಕ್‌ಡೌನಿನಲ್ಲಿ. ಆಗ ಎಲ್ಲರಿಗೂ ಒಂದೊಂದು ಹುಚ್ಚು ಹಿಡಿಯಿತು. ನನ್ನ ಗಂಡ ಬಾಲ್ಕನಿಯಲ್ಲಿ ಕೊತ್ತಂಬರಿ ಬೆಳೆದರು, ನಾನು ಪಾನಿಪುರಿ ಮಾಡುವುದನ್ನು ಕಲಿತೆ. ನಮ್ಮ ಓರಗಿತ್ತಿಗೆ ಹಿಡಿದದ್ದು ಹತ್ತೊಂಬತ್ತನೆಯ ಶತಮಾನದ ಮಾರ್ಮನ್ ಹೆಂಗಸರ ಹುಚ್ಚು!

ಅವಳ ಎದುರುಮನೆಯಲ್ಲಿ ಒಬ್ಬರು ಒಂಟಿ ಅಜ್ಜಿ ಇದ್ದರು. ಮಾರ್ಮನ್ ಎಂಬ ಕ್ರೈಸ್ತ ಪಂಗಡದವರು. ಅವರ ಹಿರಿಯರು ಎತ್ತಿನ ಗಾಡಿಯಲ್ಲಿ ಸಾಮಾನು ಹೇರಿಕೊಂಡು, ಗಾಡಿಯಿಲ್ಲದವರು ಕೈಗಾಡಿ ಎಳೆದುಕೊಂಡು, ಬಯಲು ಬೆಟ್ಟ ದಾಟಿ ಯೂಟಾ ರಾಜ್ಯದಲ್ಲಿ ನೆಲೆಸಿದ್ದರಂತೆ. ಆ ಕಾಲದ ಹೆಂಗಸರು ಕಷ್ಟಕಾಲಕ್ಕೆಂದು ಗೋಧಿ ಕೂಡಿಡುತ್ತಿದ್ದರು, ನಮ್ಮ ಕಡೆ ಹಗೇವಿನಲ್ಲಿ ರಾಗಿ ತುಂಬಿಡುತ್ತಿದ್ದರಲ್ಲ, ಹಾಗೆ. ಆ ಅಭ್ಯಾಸ ಅಜ್ಜಿಗೂ ಬಂದಿತ್ತು. ಊರೆಲ್ಲ ಅಂಗಡಿಯ ಮುಂದೆ ಸಾಲು ನಿಂತಿದ್ದಾಗ ಅಜ್ಜಿಯ ಗ್ಯಾರೇಜಿನಲ್ಲಿ ಬಕೆಟ್ ಬಕೆಟ್ ಗೋಧಿ, ಹುರುಳಿಕಾಯಿ ಬೀಜ. ಬ್ರೆಡ್ ಮಾಡಿ ನಮ್ಮ ಓರಗಿತ್ತಿಯ ಬಾಗಿಲಲ್ಲಿಟ್ಟು ಹೋದರು. ಇವಳು ಕೋಡುಬಳೆ ಕರಿದು ಅವರ ಬಾಗಿಲಲ್ಲಿಟ್ಟು ಬಂದಳು. ಹಾಗೆ ಇಟ್ಟು ಬರುವಾಗ ಒಂದು ದಿನ ಕಿಟಕಿಯಲ್ಲಿ ಇಣುಕಿದಳು. ಗೋಡೆಯ ಮೇಲೆ ಗಾಜಿನ ಫ್ರೇಮು, ಅದರೊಳಗೆ ಕುದುರೆಲಾಳದ ಆಕಾರದ ಒಂದು ಹಾರ. ಕಂದು, ಹೊಂಬಣ್ಣ, ಬೂದು ಬಣ್ಣದ ಹೂಗಳು. ಒಣಗಿದ ಹೂವೆಂದುಕೊಂಡಿದ್ದಳು. ಅಜ್ಜಿ ಬಾಗಿಲಾಚೆಯಿಂದಲೇ ಹೇಳಿದರಂತೆ, ಅದು ಹೂವಲ್ಲ, ನಮ್ಮ ಮನೆಯವರ ಕೂದಲು ಎಂದು.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಂದ ಓಡಿಬಂದು ತಲೆಗೆ ಸ್ನಾನ ಮಾಡುತ್ತಿದ್ದರು. ಇವಳು ಬಿಸಿಲಿನಲ್ಲಿ ನಿಂತೇ ಇದ್ದಳಂತೆ. ಕರೆಯಲು ಹೋದ ಭಾವನವರು ‘ಮುಖ ಒಂಥರಾ ಆಗಿತ್ತಮ್ಮ’ ಎಂದು ನನಗೆ ಆಮೇಲೆ ಹೇಳಿದರು.

ಅಂದಿನಿಂದ ನನಗೆ ದಿನವೂ ಫೋನು. ಫೋಟೋ ತೆಗೆಸುವುದು ಎಲ್ಲರ ಕೈಗೆಟುಕದ ಆ ಕಾಲದಲ್ಲಿ ಹೆಂಗಸರು ಮನೆಮಂದಿಯ ಕೂದಲು ಕೂಡಿಸಿ, ಹೆಣಿಗೆ ಕಡ್ಡಿಗೆ ತಂತಿಯ ಜೊತೆ ಸುತ್ತಿ, ಎಸಳು ಮಾಡಿ ಹೀಗೆ ಹಾರ ಕಟ್ಟುತ್ತಿದ್ದರಂತೆ. ಅಜ್ಜಿಯ ಮನೆಯ ಹಾರ ಕಟ್ಟಿದವಳು ಅವರ ಮುತ್ತಜ್ಜಿ. ಮುತ್ತಜ್ಜನಿಗೆ ಇಬ್ಬರು ಹೆಂಡಿರು. ಆ ಕಾಲದ ಮಾರ್ಮನ್ನರಲ್ಲಿ ಆ ಪದ್ಧತಿಯಿತ್ತು, ಶತಮಾನ ಮುಗಿಯುವ ಹೊತ್ತಿಗೆ ಕೈಬಿಟ್ಟರು. ಹಿರಿಯ ಹೆಂಡತಿಯದು ಬಂಗಾರದಂಥ ಕೈಕೆಲಸ. ಗಂಡನ, ಮಕ್ಕಳ, ಸವತಿಯ, ಸವತಿಯ ಮಕ್ಕಳ ಕೂದಲನ್ನೆಲ್ಲ ಹೂ ಮಾಡಿದವಳು ಅವಳೇ. ಅವಳ ಸ್ವಂತ ಕೂದಲಿನ ಹೂವೊಂದನ್ನು ಮಾತ್ರ ಕಿರಿಯವಳು ಕಟ್ಟಿದ್ದು. ಹಾರದಲ್ಲಿ ಅದೊಂದೇ ಸೊಟ್ಟ.

‘ಇನ್ನೇನಾಗುತ್ತೆ ಅಕ್ಕ, ಸವತಿ ಕೈಗೆ ಕೊಟ್ರೆ? ಬೇಕಂತಲೇ ಸೊಟ್ಟ ಮಾಡಿರ್ತಾಳೆ. ಎರಡು ಜಡೆ ಒಂದು ಕಡೆ ಸೇರಲ್ಲ ಅಂತ ಸುಮ್ನೆ ಹೇಳಿದಾರಾ?’ ಎಂದೆ.

‘ಅನ್ನ ಇಟ್ಟಿದೀನಿ, ಇಡ್ತೀನಿ’ ಎಂದು ಫೋನ್ ಇಟ್ಟುಬಿಟ್ಟಳು. ನನಗೆ ಮೈ ಉರಿಯಿತು. ಯಾವ ಕಾಲದಲ್ಲೋ ಸತ್ತ ಹೆಂಗಸಿನ ಪರ ವಹಿಸಿಕೊಂಡು ಜೀವಂತ ಓರಗಿತ್ತಿಯ ಮೇಲೆ ಮುನಿಸೇ? ಬದುಕಿರುವವರ ಮೇಲೆ ಅಸೂಯೆಪಟ್ಟರೆ ಒಂದು ದಿನ ಅವರ ಕಾಲಾದರೂ ಉಳುಕುತ್ತದೆ, ನಮಗೆ ಸಮಾಧಾನವಾಗುತ್ತದೆ. ಸತ್ತವರಿಗೆ ಏನು ಬಯಸುವುದು!

ಹುಚ್ಚು ಅಲ್ಲಿಗೆ ನಿಲ್ಲಲಿಲ್ಲ. ಮಾರ್ಮನ್ನರು ಆ ಕಾಲದಿಂದಲೂ ಕಾಫಿ, ಟೀ ಕುಡಿಯುವುದಿಲ್ಲವಂತೆ. ಇವಳೂ ಮನೆಯಲ್ಲಿ ಕಾಫಿ ನಿಲ್ಲಿಸಿದಳು. ನಾವು ಪೊವೇಯಿಂದ ಟ್ರಾಫಿಕ್ಕಿನಲ್ಲಿ ಒದ್ದಾಡಿ ನಾರ್ತ್‌ರಿಜ್ ತಲುಪಿದರೆ ಕೈಗೆ ಬೆಲ್ಲದ ನೀರು! ಸುದ್ದಿ ಬೆಂಗಳೂರು ಮುಟ್ಟಿ, ಸೊಸೆ ಮತ ಬದಲಾಯಿಸಿದಳೇ ಎಂದು ಅತ್ತೆ ವಿಡಿಯೋ ಕಾಲ್‌ನಲ್ಲಿ ಕಣ್ಣೀರಿಟ್ಟರು. ಸಂಕಷ್ಟಿಯ ಉಪವಾಸ ಇವತ್ತೂ ಇದೆ ಎಂದು ಇವಳು ಸಮಾಧಾನ ಹೇಳಿದಳು. ಆ ಹೆಂಗಸರು ಕಾಫಿಯಿಲ್ಲದೆ ಆ ದಾರಿ ಹೇಗೆ ಸಾಗಿಸಿದರು ಎಂದು ತನಗೆ ಗೊತ್ತಾಗಬೇಕಿತ್ತಂತೆ, ಅಷ್ಟೇ. ಅತ್ತೆ ಅದೇ ಕಾಲ್‌ನಲ್ಲಿದ್ದ ನನಗೆ, ‘ನೋಡು, ಅವಳಿಗೆ ಎಷ್ಟು ವಿಷಯದಲ್ಲಿ ಆಸಕ್ತಿ’ ಎಂದರು. ನಾನು ಕಾಫಿ ಬಿಟ್ಟಿದ್ದರೆ ತಲೆ ಕೆಟ್ಟಿದೆ ಎನ್ನುತ್ತಿದ್ದರು. ಪಾಪ, ಭಾವನವರು ‘ಕಸ ಹಾಕಿ ಬರುತ್ತೇನೆ’ ಎಂದು ಹೊರಗೆ ಹೋಗಿ ಕಾರಿನಲ್ಲಿ ಕೂತು ಫ್ಲಾಸ್ಕಿನ ಕಾಫಿ ಕುಡಿದು ಬರುತ್ತಿದ್ದರು. ಆಮೇಲಾಮೇಲೆ ನನ್ನ ಗಂಡನೂ ಕಸ ಹಾಕಲು ಜೊತೆಗೆ ಹೋಗತೊಡಗಿದರು. ಆ ವರ್ಷ ಆ ಮನೆಯಲ್ಲಿ ಕಸ ಬಹಳ ಹೆಚ್ಚಾಯಿತು.

ಎಲ್ಲ ಮತ್ತೆ ತೆರೆದ ಮೇಲೆ ಕನ್ನಡ ಸಂಘದ ದೀಪಾವಳಿ ನಡೆಯಿತು. ರಂಗೋಲಿ ಸ್ಪರ್ಧೆಯಲ್ಲಿ ನಾನು ಸೊಂಟ ಬೀಳುವಂತೆ ಬಗ್ಗಿ ಒಂದು ನವಿಲು ಬಿಡಿಸಿದೆ, ಗರಿಗರಿಗೂ ಬೇರೆ ಬಣ್ಣ. ನಮ್ಮ ಓರಗಿತ್ತಿ ಬಿಡಿಸಿದ್ದು ಜೇನುಗೂಡು. ಹಳೆಯ ಮಾರ್ಮನ್ನರು ದುಡಿಮೆಯ ಗುರುತೆಂದು ಬಾಗಿಲ ಮೇಲೆ, ಕೌದಿಯ ಮೇಲೆ, ಸಿಕ್ಕಸಿಕ್ಕಲ್ಲಿ ಈ ಹುಲ್ಲಿನ ಜೇನುಗೂಡು ಕೊರೆದು ಹೊಲಿದು ಇಡುತ್ತಿದ್ದರಂತೆ. ಅಗಲ ಬುಡ, ದುಂಡು ತಲೆ, ಅಡ್ಡಡ್ಡ ಗೆರೆ. ತೀರ್ಪುಗಾರರಾಗಿ ಬಂದ ಅಂಕಲ್ ಅದರ ಮುಂದೆ ನಿಂತರು. ಚಪ್ಪಲಿ ಬಿಟ್ಟರು. ಕೈಮುಗಿದು, ‘ವಿಭೂತಿ ಪಟ್ಟೆ ಎಷ್ಟು ಚೆನ್ನಾಗಿ ಬಂದಿದೆಯಮ್ಮ’ ಎಂದರು. ಶಿವಲಿಂಗಕ್ಕೆ ಮೊದಲ ಬಹುಮಾನ! ನವಿಲಿಗೆ ಸಮಾಧಾನಕರ ಬಹುಮಾನವೂ ಇಲ್ಲ. ಇವಳು ನಿಜ ಹೇಳಬೇಕೋ ಬೇಡವೋ? ‘ಅವರ ಭಕ್ತಿ ಯಾಕೆ ಕೆಡಿಸ್ಲಿ’ ಎಂದು ಬಹುಮಾನದ ಕುಕ್ಕರ್ ಎತ್ತಿಕೊಂಡು ಹೊರಟಳು.

ಸ್ಯಾನ್ ಡಿಯಾಗೊ ಕಡೆಗೆ ಬಂದರೂ ನನ್ನ ಮನೆಗೆ ನೇರ ಬರುತ್ತಿರಲಿಲ್ಲ. ಆ ಕಾಲದಲ್ಲಿ ಮಾರ್ಮನ್ ಸೈನಿಕರ ಒಂದು ಗುಂಪು ಮರುಭೂಮಿಯಲ್ಲಿ ನಡೆದುಕೊಂಡು ಇಲ್ಲಿಗೆ ಬಂದು ಹಳೇ ಊರಿನಲ್ಲಿ ಬಾವಿ ತೋಡಿತ್ತಂತೆ, ಇಟ್ಟಿಗೆ ಸುಟ್ಟಿತ್ತಂತೆ. ಮೊದಲು ಆ ಜಾಗ, ಆಮೇಲೆ ಪೊವೇ. ನನ್ನ ಬಿಸಿಬೇಳೆಬಾತು ಅಷ್ಟರಲ್ಲಿ ತಣ್ಣೀಬೇಳೆಬಾತಾಗಿರುತ್ತಿತ್ತು. ಬಂದವಳು ನಮ್ಮ ಹಿತ್ತಲಲ್ಲಿ ನಿಂತು, ದೂರದ ಹದಿನೈದನೇ ನಂಬರಿನ ಫ್ರೀವೇ ತೋರಿಸಿ, ಇದೇ ರಸ್ತೆ ಹಿಡಿದರೆ ಯೂಟಾಕ್ಕೆ ಹೋಗಬಹುದು ಗೊತ್ತಾ ಎಂದು ಕೇಳುತ್ತಿದ್ದಳು. ಗೊತ್ತು ಮಾರಾಯ್ತಿ, ಅದೇ ರಸ್ತೆಯಲ್ಲಿ ನನ್ನ ಮನೆಯೂ ಸಿಗುತ್ತದೆ ಎಂದು ನಾನು ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದೆ.

ಆ ರಸ್ತೆಯಲ್ಲಿ ಕೊನೆಗೆ ಯೂಟಾಕ್ಕೆ ಹೋದವರು ಅಜ್ಜಿ. ಒಬ್ಬರೇ ಇರುವುದು ಕಷ್ಟವೆಂದು ಮಗಳು ಬಂದು ಕರೆದುಕೊಂಡು ಹೋದಳು. ಹಾರವೂ ಅವರ ಜೊತೆ ಹೋಯಿತು. ಹೋಗುವ ಮೊದಲು ಅಜ್ಜಿ ಇವಳಿಗೆ ಕೂದಲು ಸುತ್ತುವ ಕೆಲಸ ಕಲಿಸಿ ಹೋಗಿದ್ದರು. ಇನ್ನು ಹುಚ್ಚು ಬಿಟ್ಟೀತು ಎಂದು ನಾವೆಲ್ಲ ನಿಟ್ಟುಸಿರು ಬಿಡುವಷ್ಟರಲ್ಲಿ, ಇವಳು ನಮ್ಮ ಮನೆತನದ ಹಾರವನ್ನೇ ಕಟ್ಟುತ್ತೇನೆ ಎಂದಳು!

ನಾನು ಆಗಲೇ ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿಬಿಟ್ಟೆ. ನಮ್ಮ ತಾಯಿ, ಅಜ್ಜಿ ಹೇಳಿಕೊಟ್ಟದ್ದು ನನಗೆ ಗೊತ್ತು: ಮನೆಯಲ್ಲಿ ಕೂದಲು ಬಿದ್ದರೆ ಜಗಳ. ತಲೆ ಬಾಚಿದ ಕೂದಲನ್ನು ಉಂಡೆ ಸುತ್ತಿ, ಥೂ ಎಂದು ಉಗಿದು ಬಿಸಾಡಬೇಕು, ಇಲ್ಲದಿದ್ದರೆ ಯಾರಾದರೂ ಮಾಟ ಮಾಡಿಸುತ್ತಾರೆ. ಇದನ್ನು ಅಮೆರಿಕಕ್ಕೆ ಬಂದರೂ ನಾನು ಬಿಟ್ಟಿಲ್ಲ. ಹಾಗಾಗಿ ನನ್ನ ಕೂದಲು ಮಾತ್ರ ಕೇಳಬೇಡಿ ಎಂದೆ. ಅವಳು ಸರಿ ಎಂದಳು. ಎರಡನೆಯ ಸಲ ಕೇಳಲೇ ಇಲ್ಲ! ಬೇಡ ಎಂದವರನ್ನು ಒತ್ತಾಯ ಮಾಡಬೇಕು ಎಂಬ ಮರ್ಯಾದೆಯೂ ಬೇಡವೇ? ನಮ್ಮಲ್ಲಿ ಒಂದು ಹೋಳಿಗೆಯನ್ನೂ ಎರಡು ಸಲ ಕೇಳದೆ ಬಡಿಸುವುದಿಲ್ಲ.

ನನ್ನೊಬ್ಬಳನ್ನು ಬಿಟ್ಟು ಊರಿಗೆಲ್ಲ ಕೇಳಿದಳು. ಅತ್ತೆಯನ್ನು ಕೇಳಿದಳು. ಮನೆಯಲ್ಲಿ ಒಂದು ಎಳೆ ಕಂಡರೂ ಕೂಗಾಡುವ ಅತ್ತೆ, ಬಾಚಣಿಗೆಯ ಬಿಳಿ ಕೂದಲನ್ನೆಲ್ಲ ಕೂಡಿಸಿ, ಸ್ಯಾನ್ ಡಿಯಾಗೊಗೆ ಬರುತ್ತಿದ್ದ ಪರಿಚಯದ ಹುಡುಗನೊಬ್ಬನ ಕೈಲಿ ಕಳಿಸಿದರು. ಪೊಟ್ಟಣ ಬಂದದ್ದು ನನ್ನ ಮನೆಗೆ. ಒಂದರಲ್ಲಿ ಚಟ್ನಿಪುಡಿ, ಅದು ನನಗೆ. ಇನ್ನೊಂದು ರೇಷ್ಮೆ ಚೀಲದಲ್ಲಿ, ಅದು ದೊಡ್ಡ ಸೊಸೆಗೆ. ಯೋಚಿಸಿ, ನನಗೆ ಚಟ್ನಿಪುಡಿ, ಅವಳಿಗೆ ತಲೆ! ಬೋಳುತಲೆಯ ಭಾವನವರು ತಮ್ಮ ಪಾಲಿಗೆ ಮೀಸೆ ತ್ಯಾಗ ಮಾಡಿದರು. ನನ್ನ ಗಂಡ ಅಣ್ಣನ ಮನೆಯಲ್ಲಿ ಕ್ಷೌರ ಮಾಡಿಸಿಕೊಂಡು ಬಂದು, ಅತ್ತಿಗೆ ಕೇಳಿದರು, ಕೊಟ್ಟೆ ಎಂದು ಹಲ್ಲು ಕಿರಿದರು. ಕಟ್ಟಿಕೊಂಡವಳನ್ನು ಒಂದು ಮಾತು ಕೇಳಬೇಡವೇ? ಆ ಹಳೆಯ ಕಾಲದ ಸವತಿಯರ ಸಂಕಟ ನನಗೆ ಅವತ್ತು ಸ್ವಲ್ಪ ಅರ್ಥವಾಯಿತು.

ಇಷ್ಟನ್ನೂ ನುಂಗಿಕೊಂಡಿದ್ದೆ. ನುಂಗಲಾರದ್ದು ಕಳೆದ ವರ್ಷ ನಡೆಯಿತು. ಮಗಳು ನಾರ್ತ್‌ರಿಜ್‌ನಲ್ಲಿ ಕಾಲೇಜಿಗೆ ಸೇರಿ ದೊಡ್ಡಮ್ಮನ ಮನೆಯಲ್ಲೇ ಇದ್ದಾಳೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಒಂದು ಪದ ಉತ್ತರ ಕೊಡುವವಳು, ದೊಡ್ಡಮ್ಮನ ಜೊತೆ ತಾಸುಗಟ್ಟಲೆ ಕೂತು ತಂತಿ ಸುತ್ತುತ್ತಾಳಂತೆ. ಒಂದು ಭಾನುವಾರ ವಿಡಿಯೋ ಕಾಲ್ ಮಾಡಿದಳು. ಭುಜದ ಮೇಲಕ್ಕೆ ಕೂದಲು ಕತ್ತರಿಸಿತ್ತು. ‘ಅಮ್ಮಾ, ಡೋಂಟ್ ಫ್ರೀಕ್ ಔಟ್. ದೊಡ್ಡಮ್ಮನಿಗೆ ಕೊಟ್ಟೆ’ ಎಂದಳು.

ಆ ಕೂದಲು ನಾನು ಬೆಳೆಸಿದ್ದು. ಭಾನುವಾರ ಭಾನುವಾರ ಕಾಲ ನಡುವೆ ಕೂರಿಸಿಕೊಂಡು, ಬಯ್ದು, ಗದರಿ, ಹರಳೆಣ್ಣೆ ತಟ್ಟಿ, ಸಿಕ್ಕು ಬಿಡಿಸಿ ಬೆಳೆಸಿದ್ದು. ನನಗೂ ಮಗಳಿಗೂ ಮಾತು ಕಮ್ಮಿ, ಇದ್ದ ಸಲಿಗೆಯೆಲ್ಲ ಆ ಎಣ್ಣೆಯ ತಲೆಯಲ್ಲೇ ಇತ್ತು. ಅದನ್ನೂ ತೆಗೆದುಕೊಂಡಳಲ್ಲ ಎಂದು ನನಗೆ ಅಳುವೇ ಬಂತು. ಗಂಡನಿಗೂ ಹೇಳದೆ ಕಾರು ಹತ್ತಿದೆ. ದಾರಿಯುದ್ದಕ್ಕೂ ಜಗಳದ ಮಾತುಗಳನ್ನು ಜೋಡಿಸುತ್ತ ಡ್ರೈವ್ ಮಾಡಿದೆ. ಒಳ್ಳೊಳ್ಳೆಯ ಮಾತುಗಳು ಸಿಕ್ಕಿದ್ದವು.

ಬಾಗಿಲು ತೆಗೆದವಳು ನನ್ನ ಮುಖ ನೋಡಿ, ಏನೂ ಕೇಳದೆ ಒಳಗೆ ಹೋಗಿ ಕಾಫಿ ಬೆರೆಸಿ ತಂದಳು. ನಿಜವಾದ ಕಾಫಿ! ಜೋಡಿಸಿದ ಮಾತುಗಳಲ್ಲಿ ಅರ್ಧ ಅಲ್ಲೇ ಮರೆತುಹೋದವು. ಊಟದ ಮೇಜಿನ ಮೇಲೆ ಹಾರ ಹರಡಿತ್ತು. ಅತ್ತೆಯದು ಬಿಳಿ ಸೇವಂತಿಗೆಯಾಗಿತ್ತು. ಭಾವನವರ ಮೀಸೆ ಒಂದು ಎಲೆ, ನನ್ನ ಗಂಡನದು ಮೊಗ್ಗು. ನನ್ನ ಮಗಳ ಕೂದಲು ಉದ್ದನೆಯ ಬಳ್ಳಿಯಾಗಿ ಎಲ್ಲವನ್ನೂ ಸುತ್ತಿತ್ತು. ಎಷ್ಟು ಚೆಂದವಿತ್ತೆಂದರೆ ಇನ್ನಷ್ಟು ಉರಿಯಿತು. ಜಗಳವಾಡಲು ಬಂದವಳ ಬಾಯಿಂದ ಬೇರೆಯೇ ಮಾತು ಹೊರಟಿತು.

‘ಎಲ್ಲರದ್ದೂ ಬೇಕಾಯ್ತು. ನಂದು ಒಂದೆಳೆ ಬೇಕು ಅಂತ ನಿಮಗೆ ಅನ್ನಿಸಲೇ ಇಲ್ವಾ ಅಕ್ಕ?’

ಅವಳು ಹೆಣಿಗೆ ಕಡ್ಡಿಯಿಂದ ಬಿಳಿ ಸೇವಂತಿಗೆಯ ಪಕ್ಕದ ಒಂದು ಕಪ್ಪು ಹೂವನ್ನು ತೋರಿಸಿದಳು. ‘ಇದ್ಯಾರದು ಅಂದ್ಕೊಂಡೆ?’

ನಾನು ಕೊಟ್ಟೇ ಇಲ್ಲವಲ್ಲ ಎಂದೆ.

‘ಬಂದಾಗಲೆಲ್ಲ ತಲೆ ಬಾಚಿ, ಉಂಡೆ ಸುತ್ತಿ, ಥೂ ಅಂತ ಉಗಿದು ನಮ್ಮ ಬಾತ್‌ರೂಮ್ ಬುಟ್ಟಿಗೆ ಹಾಕಿ ಹೋಗ್ತೀಯಲ್ಲ. ಎತ್ತಿಟ್ಕೊಂಡೆ. ಕೇಳಿದ್ರೆ ನೀನು ಕೊಡ್ತಿರ್ಲಿಲ್ಲ, ಬಿಟ್ಟು ಕಟ್ಟೋಕೆ ನನಗೆ ಮನಸ್ಸಿರ್ಲಿಲ್ಲ. ಮೊದಲು ಕಟ್ಟಿದ್ದೇ ಇದು. ಚೆನ್ನಾಗಿ ಶಾಂಪೂ ಹಾಕಿ ತೊಳೆದೆ ಕಣೇ.’

ಇಷ್ಟು ವರ್ಷ ನಾನು ಉಗಿದದ್ದನ್ನೆಲ್ಲ ಇವಳು ತೊಳೆದು ಹೂವು ಮಾಡಿದ್ದಳು. ಹಾರದ ಮೇಲೆ ಕಣ್ಣಾಡಿಸುತ್ತ ಕೂತೆ. ಕುದುರೆಲಾಳದ ಕೆಳಗೆ, ಎರಡೂ ಕಡೆಯ ಬಳ್ಳಿ ಸೇರುವಲ್ಲಿ, ಬರೀ ತಂತಿಯಿತ್ತು. ಇಲ್ಲಿ ಯಾರದೆಂದು ಕೇಳಿದೆ.

‘ನಂದು. ಅದನ್ನ ನೀನು ಕಟ್ಟಬೇಕು.’

ನನ್ನ ಕೈಲಿ ಆಗುವುದಿಲ್ಲ, ಮಗಳಿಗೆ ಹೇಳಿ, ಅವಳ ಕೈ ಹದವಾಗಿದೆ ಎಂದೆ. ‘ಅವಳೂ ಕೇಳಿದ್ಲು. ಬೇಡ ಅಂದೆ. ಬಾಗಿಲು ಹಾಕ್ಕೊಂಡು ಬಾ’ ಎಂದಳು. ಬಾಗಿಲು ಹಾಕಿ ಬರುವಷ್ಟರಲ್ಲಿ ಕುರ್ಚಿ ತಿರುಗಿಸಿಕೊಂಡು ನನಗೆ ಬೆನ್ನು ಮಾಡಿ ಕೂತಿದ್ದಳು. ಜಡೆ ಬಿಚ್ಚು ಎಂದಳು.

ಮದುವೆಯಾದಂದಿನಿಂದ ಕಣ್ಣು ಹಾಕಿದ್ದ ಜಡೆ. ಮುಟ್ಟಿದ್ದು ಅವತ್ತೇ ಮೊದಲು. ಒಂದೊಂದೇ ಹೆಣಿಗೆ ಬಿಡಿಸುತ್ತ ಮೇಲೆ ಹೋದೆ. ಕುತ್ತಿಗೆಯ ಹತ್ತಿರ ಕಪ್ಪು ದಾರದ ಒಂದು ಗಂಟು ಸಿಕ್ಕಿತು. ಅದನ್ನೂ ಬಿಚ್ಚಿದೆ. ಆ ಉದ್ದ, ಆ ದಪ್ಪ, ಆ ಹೊಳಪು, ಎಲ್ಲ ಪೂರ್ತಿ ನನ್ನ ಕೈಗೆ ಬಂದುಬಿಟ್ಟಿತು. ಚೌರಿ! ಅವಳ ತಲೆಯಲ್ಲಿ ಉಳಿದದ್ದು ಭುಜದವರೆಗಿನ ನಾಲ್ಕು ನರೆಗೂದಲು. ನನ್ನ ಇಲಿಬಾಲ ಅದರ ಮುಂದೆ ಎಷ್ಟೋ ವಾಸಿ. ನಗು ಬರಬೇಕಿತ್ತು. ಬರಲಿಲ್ಲ.

‘ನಮ್ಮಮ್ಮಂದು ಕಣೇ ಅದು’ ಎಂದಳು, ತಿರುಗದೆ. ‘ಬಾಚಿದಾಗ ಬಂದಿದ್ದನ್ನೆಲ್ಲ ಒಂದು ಡಬ್ಬಕ್ಕೆ ಹಾಕಿಡೋರು. ಕೂದಲು ತಗೊಂಡು ಸ್ಟೀಲ್ ಪಾತ್ರೆ ಕೊಡೋನು ಬೀದಿಗೆ ಬಂದ್ರೂ ಕೊಡ್ತಿರ್ಲಿಲ್ಲ, ನಿನ್ನ ಮದುವೆಗೆ ಚೌರಿ ಕಟ್ಟಿಸ್ತೀನಿ ಅನ್ನೋರು. ನಾನು ಇಂಜಿನಿಯರಿಂಗ್ ಓದ್ತಿದ್ದಾಗ ಹೋಗ್ಬಿಟ್ರು. ಡಬ್ಬ ಇತ್ತು. ನಾನೇ ಕಟ್ಟಿಸ್ಕೊಂಡೆ. ನಿಮ್ಮ ಭಾವನ ಬಿಟ್ರೆ ಯಾರಿಗೂ ಗೊತ್ತಿಲ್ಲ.’

ಅವಳಿಗೆ ತಾಯಿಯಿಲ್ಲ ಎನ್ನುವುದು ನನಗೆ ಗೊತ್ತಿತ್ತು. ಜಡೆಯ ಬಗ್ಗೆ ಅಷ್ಟು ಯೋಚಿಸಿದವಳು ಆ ತಾಯಿಯ ಬಗ್ಗೆ ಯಾವತ್ತೂ ಕೇಳಿರಲಿಲ್ಲ. ಎದುರುಮನೆಯ ಕಿಟಕಿಯ ಮುಂದೆ ಅವಳು ಬಿಸಿಲಿನಲ್ಲಿ ಯಾಕೆ ಹಾಗೆ ನಿಂತುಬಿಟ್ಟಿದ್ದಳು ಎಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

‘ಅಮ್ಮಂದು ಸ್ವಲ್ಪ, ನಂದು ಸ್ವಲ್ಪ. ಸೇರಿಸಿ ಕಟ್ಟು’ ಎಂದು ಕತ್ತರಿ ಕೊಟ್ಟಳು.

ಕಟ್ಟಿದೆ. ಕರಿಯ ಎಳೆ ಜಾರುತ್ತಿತ್ತು, ಬಿಳಿಯ ಎಳೆ ತುಂಡಾಗುತ್ತಿತ್ತು. ಕಡ್ಡಿಯನ್ನು ಹೇಗೆ ಹಿಡಿಯಬೇಕೆಂದು ಅವಳು ಹೇಳಿಕೊಡುತ್ತಲೇ ಇದ್ದಳು. ಕೊನೆಗೆ ಆದ ಹೂವಿನ ಎಸಳುಗಳೆಲ್ಲ ಒಂದೇ ಕಡೆಗೆ ವಾಲಿದವು. ಬಿಚ್ಚಿ ಮತ್ತೆ ಕಟ್ಟುತ್ತೇನೆ ಎಂದರೆ ಬಿಡಲಿಲ್ಲ, ಕೈ ಹಿಡಿದುಕೊಂಡಳು. ಆಮೇಲೆ ಅವಳನ್ನು ಮತ್ತೆ ಕೂರಿಸಿ, ತಲೆಗೆ ಎಣ್ಣೆ ಹಚ್ಚಿ, ಚೌರಿ ಸೇರಿಸಿ ಜಡೆ ಹೆಣೆದು, ಗಂಟು ಕಾಣದಂತೆ ಒಳಗೆ ಸೇರಿಸಿದೆ. ಸಂಜೆ ಗೆಳತಿಯ ಮನೆಯಿಂದ ಬಂದ ಮಗಳು, ದೊಡ್ಡಮ್ಮನಂಥ ಕೂದಲು ನಿನಗೆ ಯಾಕೆ ಬರಲಿಲ್ಲ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅದಕ್ಕೆಲ್ಲ ಪುಣ್ಯ ಮಾಡಿರಬೇಕು ಎಂದೆ. ಓರಗಿತ್ತಿ ಅಡುಗೆಮನೆಯಲ್ಲಿ ಮುಖ ತಿರುಗಿಸಿಕೊಂಡು ನಕ್ಕಳು. ಇಷ್ಟು ದಿನ ಮುಚ್ಚಿಟ್ಟದ್ದನ್ನು ಈ ಲೇಖನದಲ್ಲಿ ಬರೆದದ್ದು ಅವಳೇ ಬರಿ ಎಂದ ಮೇಲೆ.

ಹೊಟ್ಟೆಕಿಚ್ಚು ಹೋಯಿತೇ ಎಂದು ಕೇಳಬೇಡಿ. ಅಂಥ ತಾಯಿ ಸಿಕ್ಕಿದ್ದಳಲ್ಲ ಎಂದು ಈಗ ಹೊಸದಾಗಿ ಹೊಟ್ಟೆಕಿಚ್ಚು ಶುರುವಾಗಿದೆ. ಹಾರ ಈಗ ಅವರ ನಡುಮನೆಯ ಗೋಡೆಯಲ್ಲಿ ತೂಗುತ್ತಿದೆ. ನೋಡಿದವರೆಲ್ಲ, ಇಷ್ಟು ಚೆನ್ನಾಗಿರುವ ಹಾರದಲ್ಲಿ ನಡುವಿನ ಹೂವೊಂದು ಯಾಕೆ ಸೊಟ್ಟ ಎನ್ನುತ್ತಾರೆ. ‘ನನ್ನ ತಂಗಿ ಕಟ್ಟಿದ್ದು’ ಎನ್ನುತ್ತಾಳೆ. ಓರಗಿತ್ತಿ ಬೇಕಂತಲೇ ಸೊಟ್ಟ ಮಾಡಿರುತ್ತಾಳೆ ಎಂದು ಕೆಲವರಾದರೂ ಮನಸ್ಸಿನಲ್ಲಿ ಅಂದುಕೊಳ್ಳುತ್ತಾರೆ, ಅದು ಅವರ ಮುಖದಲ್ಲೇ ಕಾಣುತ್ತದೆ. ಕಣ್ಣು ತುಂಬಿಕೊಂಡಿದ್ದರೆ ಸಣ್ಣ ತಂತಿ ಕಾಣುವುದಿಲ್ಲ ಎಂದು ಅವರಿಗೆ ಹೇಗೆ ಹೇಳಲಿ? ಪಾಪ, ಯೂಟಾದ ಆ ಕಿರಿಯ ಹೆಂಡತಿಗೂ ಹಾಗೇ ಆಗಿರಬೇಕು.